ಬಂಡೆಯಿಂದ ಮಣ್ಣು: ಹೊಲದ ಕೆಳಗಿರುವ ಚರಿತ್ರೆ

ಹೊಲದಲ್ಲಿ ಬಾವಿ ತೋಡುವಾಗ ಮೊದಲು ಮಣ್ಣು ಸಿಗುತ್ತದೆ. ಅದರ ಕೆಳಗೆ ಗರಸು, ಅದಕ್ಕೂ ಕೆಳಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕೊಳೆತ ಕಲ್ಲು, ಕಡೆಗೆ ಹಾರೆಗೂ ಜಗ್ಗದ ಬಂಡೆ. ಎತ್ತರದ ಜಮೀನುಗಳಲ್ಲಿ ಇವು ನಾಲ್ಕೂ ಬೇರೆ ಬೇರೆ ವಸ್ತುಗಳಲ್ಲ. ತಳದ ಬಂಡೆಯೇ ಬಿಸಿಲು, ಮಳೆ, ಗಿಡಮರಗಳ ಬೇರುಗಳಿಂದ ಶಿಥಿಲಗೊಂಡು ಮಣ್ಣಾಗಿದೆ. ಆದುದರಿಂದ ಬಂಡೆಯ ಗುಣವನ್ನು ತಿಳಿದರೆ ಮಣ್ಣಿನ ಗುಣವೂ ಬಾವಿಯ ನೀರಿನ ಸ್ಥಿತಿಯೂ ಬಹುಮಟ್ಟಿಗೆ ತಿಳಿಯುತ್ತವೆ.

ಶಿಲೆಗಳ ಮೂರು ವರ್ಗ

ಭೂಮಿಯ ಒಳಗಿನ ಕರಗಿದ ಶಿಲಾಪಾಕ ತಣಿದು ಗಟ್ಟಿಯಾದರೆ ಅಗ್ನಿಶಿಲೆ. ಆಳದಲ್ಲಿ ನಿಧಾನವಾಗಿ ತಣಿದ ಗ್ರಾನೈಟಿನಲ್ಲಿ ಹರಳುಗಳು ಕಣ್ಣಿಗೆ ಕಾಣುವಷ್ಟು ದಪ್ಪ. ಮೇಲಕ್ಕೆ ಉಕ್ಕಿ ಹರಿದು ಬೇಗ ತಣಿದ ಬಸಾಲ್ಟಿನಲ್ಲಿ ಅವು ಬಲು ಸಣ್ಣ. ನೀರು ಹೊತ್ತು ತಂದ ಮರಳು, ಜೇಡಿ, ಸುಣ್ಣ ಪದರ ಪದರವಾಗಿ ಕೂತು ಗಟ್ಟಿಯಾದರೆ ಜಲಜಶಿಲೆ. ಬಾದಾಮಿಯ ಮರಳುಗಲ್ಲು, ಶಹಾಬಾದಿನ ಹಾಸುಗಲ್ಲು ಈ ವರ್ಗದವು. ಯಾವುದೇ ಶಿಲೆ ಆಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಕರಗದೆಯೇ ರೂಪ ಬದಲಿಸಿದರೆ ರೂಪಾಂತರ ಶಿಲೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಅಂದರೆ ಪಟ್ಟೆ ಪಟ್ಟೆಯಾಗಿ ಕಾಣುವ ನೈಸ್ ಶಿಲೆ, ಇದಕ್ಕೆ ಉದಾಹರಣೆ.

ಕಾಲದ ಲೆಕ್ಕ

ಭೂಮಿಗೆ ಸುಮಾರು 454 ಕೋಟಿ ವರ್ಷ ವಯಸ್ಸು. ಇಷ್ಟು ಕಾಲವನ್ನು ಒಂದು ಯುಗಾದಿಯಿಂದ ಮುಂದಿನ ಯುಗಾದಿಯವರೆಗಿನ ಒಂದು ವರ್ಷವೆಂದು ಭಾವಿಸೋಣ. ಸುಮಾರು 300 ಕೋಟಿ ವರ್ಷ ಹಳೆಯದಾದ ಲಾಲ್‌ಬಾಗಿನ ಬಂಡೆ ಶ್ರಾವಣದ ಆರಂಭಕ್ಕೆ ಬರುತ್ತದೆ. ದಖ್ಖನಿನ ಬಸಾಲ್ಟ್ ಉಕ್ಕಿ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅದು ಫಾಲ್ಗುಣದ ಕೊನೆಯ ಐದಾರು ದಿನಗಳಲ್ಲಿ ಬೀಳುತ್ತದೆ. ಮನುಷ್ಯ ಬೇಸಾಯ ಮಾಡತೊಡಗಿ ಕಳೆದ ಸುಮಾರು 10,000 ವರ್ಷಗಳು ಕಡೆಯ ಒಂದು ನಿಮಿಷಕ್ಕಿಂತ ತುಸು ಹೆಚ್ಚು, ಅಷ್ಟೆ.

ಶಿಲೆಗೆ ತಕ್ಕ ಮಣ್ಣು

ಕರ್ನಾಟಕದ ದಕ್ಷಿಣದ ಬಯಲುಸೀಮೆಯಲ್ಲಿ ಗ್ರಾನೈಟ್ ಮತ್ತು ನೈಸ್ ಹೆಚ್ಚು. ಇವುಗಳಲ್ಲಿರುವ ಬೆಣಚು ಕರಗುವುದಿಲ್ಲ, ಮರಳಾಗಿ ಉಳಿಯುತ್ತದೆ. ಕಬ್ಬಿಣದ ಅಂಶ ತುಕ್ಕಿನಂತಾಗಿ ಮಣ್ಣಿಗೆ ಕೆಂಪು ಬಣ್ಣ ಕೊಡುತ್ತದೆ. ಇಂಥ ಮಣ್ಣು ನೀರನ್ನು ಬೇಗ ಇಂಗಿಸಿಕೊಳ್ಳುತ್ತದೆ, ಆದರೆ ಬಹಳ ದಿನ ಹಿಡಿದಿಡುವುದಿಲ್ಲ. ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರಗಳಿಂದಲೇ ಇದರ ಶಕ್ತಿ ಹೆಚ್ಚಬೇಕು.

ಬೀದರ್, ವಿಜಯಪುರ ಹಾಗೂ ಬೆಳಗಾವಿ, ಕಲಬುರಗಿ ಜಿಲ್ಲೆಗಳ ಅನೇಕ ಭಾಗಗಳಲ್ಲಿ ಬಸಾಲ್ಟ್ ಹಾಸಿದೆ. ಅದರಲ್ಲಿ ಬೆಣಚು ಇಲ್ಲವೆನ್ನುವಷ್ಟು ಕಡಿಮೆ; ಸುಣ್ಣ, ಕಬ್ಬಿಣ, ಮೆಗ್ನೀಸಿಯಂ ಹೆಚ್ಚು. ಮಳೆ ಕಡಿಮೆಯಾದುದರಿಂದ ಸುಣ್ಣ ತೊಳೆದು ಹೋಗದೆ ಹರಳಾಗಿ ಉಳಿಯುತ್ತದೆ. ಇಲ್ಲಿ ಹುಟ್ಟುವ ಜೇಡಿ ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಇದೇ ಎರೆಮಣ್ಣು. ಹಸಿ ಹೆಚ್ಚಿದ್ದಾಗ ಇದನ್ನು ಉಳಬಾರದು.

ಕರಾವಳಿಯಲ್ಲಿ ಮಳೆಯ ರಭಸಕ್ಕೆ ಸುಣ್ಣ, ಪೊಟ್ಯಾಷ್‌ಗಳು ತೊಳೆದು ಹೋಗಿ ಕಬ್ಬಿಣ, ಅಲ್ಯೂಮಿನಿಯಂಗಳೇ ಉಳಿದು ಜಂಬಿಟ್ಟಿಗೆಯಾಗಿದೆ. ಈ ಮಣ್ಣು ಹುಳಿ. ಹಾಕಿದ ರಂಜಕವನ್ನು ಇದು ಕಟ್ಟಿಹಾಕುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಅದರಂತೆ ಸುಣ್ಣ ಹಾಕುವುದು ಅಗತ್ಯ.

ಆದರೆ ಬಂಡೆಯೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಮಳೆ, ಇಳಿಜಾರು, ಕಾಲ ಇವೂ ಕೂಡುತ್ತವೆ. ಒಂದೇ ಊರಿನಲ್ಲಿ ದಿಬ್ಬದ ಮೇಲೆ ಕೆಂಪು, ತಗ್ಗಿನಲ್ಲಿ ಕಪ್ಪು ಮಣ್ಣು ಇರುವುದುಂಟು.

ಬಾವಿಯ ನೀರು ಎಲ್ಲಿದೆ?

ಗಟ್ಟಿ ಗ್ರಾನೈಟ್ ತಾನು ನೀರು ಹೀರುವುದಿಲ್ಲ. ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಆಳಕ್ಕೆ ಹೋದಂತೆ ಬಿರುಕುಗಳು ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಆದುದರಿಂದ ಇನ್ನಷ್ಟು ಆಳ ಕೊರೆದರೆ ನೀರು ಸಿಕ್ಕೇ ಸಿಗುತ್ತದೆಂದು ಸಾಲ ಮಾಡಿ ಕೊಳವೆಬಾವಿ ತೆಗೆಸಿದ ರೈತ ಸಾಲದೊಂದಿಗೆ ಒಣ ಕೊಳವೆಯನ್ನೂ ಹೊತ್ತುಕೊಳ್ಳಬೇಕಾಗಬಹುದು. ಕೊರೆಯುವ ಮೊದಲು ಭೂಜಲ ತಜ್ಞರಿಂದ ಸ್ಥಳ ಪರೀಕ್ಷೆ ಮಾಡಿಸುವುದು, ಬದು ಮತ್ತು ಕೃಷಿ ಹೊಂಡಗಳಿಂದ ಮಳೆನೀರನ್ನು ಇಂಗಿಸುವುದು ಲೇಸು.

ಕಳೆದುಕೊಂಡರೆ ಮರಳದು

ಒಂದು ಅಂಗುಲ ಮೇಲ್ಮಣ್ಣು ಹುಟ್ಟಲು ನೂರಾರು ವರ್ಷಗಳೇ ಬೇಕು. ಇಳಿಜಾರಿನ ಗುಂಟ ಉತ್ತ ಹೊಲದಲ್ಲಿ ಕೆಲವೇ ಬಿರುಮಳೆಗಳು ಅದನ್ನು ಹಳ್ಳಕ್ಕೆ ಸೇರಿಸಬಲ್ಲವು. ಸಮಪಾತಳಿಯಲ್ಲಿ ಉಳುಮೆ, ಬದುವಿನ ಮೇಲೆ ಹುಲ್ಲು, ಹೊಲದಲ್ಲಿ ಹೊದಿಕೆ ಬೆಳೆ ಇವು ಮಣ್ಣನ್ನು ಉಳಿಸುವ ಸುಲಭ ಉಪಾಯಗಳು. ಊರಿನಲ್ಲಿ ಹೊಸ ಬಾವಿ ತೋಡಿದಾಗ ವಿಸ್ತರಣಾ ಕಾರ್ಯಕರ್ತರು ರೈತರನ್ನು ಕರೆದೊಯ್ದು ಅದರ ಗೋಡೆಯ ಪದರಗಳನ್ನು ತೋರಿಸಿದರೆ, ಮೇಲಿನ ಮಣ್ಣು ಎಷ್ಟು ತೆಳುವಾದುದೆಂದು ಹೆಚ್ಚು ಮಾತಿಲ್ಲದೆ ಮನದಟ್ಟಾಗುತ್ತದೆ.