ಹತ್ತು ಜನರ ಮನೆಕೂಟ: ನಡೆಸುವುದು ಹೇಗೆ, ನಡೆಸುವವರು ಹೇಗಿರಬೇಕು?

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಒಬ್ಬರನ್ನೊಬ್ಬರು ಮಾತಾಡಿಸುತ್ತೇವೆ. "ಚೆನ್ನಾಗಿದ್ದೀರಾ?" ಎಂದರೆ "ದೇವರ ದಯೆ, ಚೆನ್ನಾಗಿದ್ದೀವಿ" ಎಂಬ ಉತ್ತರ ಬರುತ್ತದೆ. ಬೋರ್‌ವೆಲ್ ಬತ್ತಿದ್ದು, ಮಗನ ಕೆಲಸ ಹೋಗಿದ್ದು, ಮನೆಯಲ್ಲಿ ಮಾತು ಬಿಟ್ಟಿದ್ದು ಇವೆಲ್ಲ ಆ ಬಾಗಿಲಲ್ಲಿ ಬಾಯಿಗೆ ಬರುವುದಿಲ್ಲ. ಅದಕ್ಕೆ ಚಿಕ್ಕ ಜಾಗ ಬೇಕು, ಗುರುತಿರುವ ನಾಲ್ಕು ಮುಖ ಬೇಕು. ಮನೆಕೂಟ ಇರುವುದು ಇದಕ್ಕೇ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಭಾಗದಲ್ಲಿ ಕ್ರೈಸ್ತ ಸಭೆಗಳು ಹೆಚ್ಚಾಗಿ ಚಿಕ್ಕವು. ಕುಟುಂಬಗಳು ಊರೂರಿಗೆ ಚದುರಿಕೊಂಡಿವೆ. ಹೀಗಿರುವಲ್ಲಿ ಮನೆಕೂಟವನ್ನು ಸರಿಯಾಗಿ ಕಟ್ಟುವುದು ಹೇಗೆ, ಅದನ್ನು ನಡೆಸುವವರಲ್ಲಿ ಏನೇನು ಇರಬೇಕು ಎಂದು ಒಂದೊಂದಾಗಿ ನೋಡೋಣ.

ಮನೆಕೂಟ ಎಂದರೇನು?

ಎಂಟರಿಂದ ಹನ್ನೆರಡು ಜನ ವಾರಕ್ಕೊಮ್ಮೆ ಒಂದು ಮನೆಯಲ್ಲಿ ಸೇರುತ್ತಾರೆ. ಬೈಬಲಿನ ಒಂದು ಭಾಗ ಓದುತ್ತಾರೆ, ಅದರ ಬಗ್ಗೆ ಮಾತಾಡುತ್ತಾರೆ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುತ್ತಾರೆ. ಕೆಲವರು ಇದನ್ನು ಕಾಟೇಜ್ ಮೀಟಿಂಗ್ ಎನ್ನುತ್ತಾರೆ, ಕೆಲವರು ಸೆಲ್ ಗ್ರೂಪ್ ಎನ್ನುತ್ತಾರೆ. ಕಥೋಲಿಕ ಸಭೆಯಲ್ಲಿ ಇದಕ್ಕೆ ಹತ್ತಿರವಾದದ್ದು ಕಿರು ಕ್ರೈಸ್ತ ಸಮುದಾಯ.

ಇದರ ಗುರಿ ಶಿಷ್ಯತ್ವ, ಅಂದರೆ ಡಿಸೈಪಲ್‌ಶಿಪ್. ಯೇಸುವಿನ ಮಾತನ್ನು ಕೇಳಿ ಎದ್ದು ಹೋಗದೆ, ಅದರಂತೆ ಬದುಕುವುದನ್ನು ಜೊತೆಗಾರರ ನೆರವಿನಿಂದ ಕಲಿಯುವುದು. ಹೀಗಾಗಿ ಮನೆಕೂಟ ಇನ್ನೊಂದು ಆರಾಧನೆಯೂ ಅಲ್ಲ, ಇನ್ನೊಂದು ಪ್ರಸಂಗವೂ ಅಲ್ಲ.

ಇದು ಹೊಸ ಪದ್ಧತಿಯೇ?

ಅಲ್ಲ. ವಿಮೋಚನಕಾಂಡ 18ನೇ ಅಧ್ಯಾಯ ತೆಗೆದು ನೋಡಿ. ಜನರ ವ್ಯಾಜ್ಯಗಳನ್ನೆಲ್ಲ ಒಬ್ಬನೇ ಹೊತ್ತು ಸೋಲುತ್ತಿದ್ದ ಮೋಶೆಗೆ ಅವನ ಮಾವ ಬುದ್ಧಿ ಹೇಳುತ್ತಾನೆ. ಸಾವಿರ, ನೂರು, ಐವತ್ತು, ಹತ್ತು ಜನರಿಗೆ ಒಬ್ಬೊಬ್ಬ ಯೋಗ್ಯ ವ್ಯಕ್ತಿಯನ್ನು ನೇಮಿಸು ಎನ್ನುತ್ತಾನೆ.

ನಮಗೆ ಹತ್ತಿರದ ಇನ್ನೊಂದು ಬೇರೂ ಇದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ಮೆಥೊಡಿಸ್ಟರು ತಮ್ಮ ಕಟ್ಟಡದ ಸಾಲ ತೀರಿಸಬೇಕಾಗಿತ್ತು. ಪ್ರತಿ ಸದಸ್ಯ ವಾರಕ್ಕೆ ಒಂದು ಪೆನ್ನಿ ಕೊಡಬೇಕು, ಹನ್ನೆರಡು ಜನರಿಂದ ಅದನ್ನು ಒಬ್ಬರು ಕೂಡಿಸಬೇಕು ಎಂದು ಗೊತ್ತುಮಾಡಿದರು. ಹಣ ಕೇಳಲು ಮನೆಗೆ ಹೋದವರಿಗೆ ಮನೆಯೊಳಗಿನ ಕಷ್ಟ, ಕುಡಿತ, ಜಗಳ ಎಲ್ಲ ಕಾಣಿಸಿತು. ಹಣಕ್ಕಿಂತ ಈ ಭೇಟಿಯೇ ದೊಡ್ಡದು ಎಂದು ಮೆಥೊಡಿಸ್ಟರ ನಾಯಕ ಜಾನ್ ವೆಸ್ಲಿಗೆ ಹೊಳೆಯಿತು. ಮುಂದೆ ಇದೇ 'ಕ್ಲಾಸ್ ಮೀಟಿಂಗ್' ಆಯಿತು. ವೆಸ್ಲಿಯ ಹಾದಿಯಲ್ಲಿ ಬಂದ ವೆಸ್ಲಿಯನ್ ಮಿಷನ್ 19ನೇ ಶತಮಾನದಲ್ಲಿ ಹಳೇ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿತು. ತುಮಕೂರು, ಗುಬ್ಬಿಯಂತೆ ಚಿತ್ರದುರ್ಗವೂ ಅದರ ಕ್ಷೇತ್ರವಾಗಿತ್ತು. 1947ರ ಸೆಪ್ಟೆಂಬರ್ 27ರಂದು ಈ ಮೆಥೊಡಿಸ್ಟರು, ಆಂಗ್ಲಿಕನ್ನರು ಮತ್ತು ದಕ್ಷಿಣ ಭಾರತ ಐಕ್ಯ ಸಭೆಯವರು ಕೂಡಿದಾಗ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿತು.

ಒಂದು ಸಂಜೆಯ ಕೂಟ ಹೇಗೆ ನಡೆಯುತ್ತದೆ?

ಒಂದು ಗಂಟೆ ಸಾಕು. ಏಳಕ್ಕೆ ಶುರುವಾದರೆ ಎಂಟಕ್ಕೆ ಮುಗಿಯಬೇಕು. ಬೆಳಿಗ್ಗೆ ಬೇಗ ಎದ್ದು ಕೆಲಸಕ್ಕೆ ಹೋಗುವವರು ಮುಂದಿನ ವಾರವೂ ಬರಲು ಇದೊಂದು ಮುಖ್ಯ ಕಾರಣ.

ಮೊದಲ ಹತ್ತು ನಿಮಿಷ ಒಂದು ಹಾಡು, ಒಂದು ಚಿಕ್ಕ ಪ್ರಾರ್ಥನೆ. ಮುಂದಿನ ಹತ್ತು ನಿಮಿಷ ಕಳೆದ ವಾರದ ಸಮಾಚಾರ. ಆಮೇಲೆ ಇಪ್ಪತ್ತೈದು ನಿಮಿಷ ವಾಕ್ಯ. ಉಳಿದ ಹೊತ್ತು ಪ್ರಾರ್ಥನೆ.

ವಾಕ್ಯದ ಭಾಗ ಚಿಕ್ಕದಿರಲಿ. ಉದಾಹರಣೆಗೆ ಮಾರ್ಕ 4:35ರಿಂದ 41. ಯೇಸು ದೋಣಿಯಲ್ಲಿ ಮಲಗಿದ್ದಾನೆ, ಬಿರುಗಾಳಿ ಎದ್ದಿದೆ, ಶಿಷ್ಯರು ಹೆದರಿದ್ದಾರೆ. ಏಳೇ ವಚನ. ಇದನ್ನು ಬೇರೆ ಬೇರೆ ಇಬ್ಬರು, ಎರಡು ಸಲ, ನಿಧಾನವಾಗಿ ಗಟ್ಟಿಯಾಗಿ ಓದಲಿ. ಓದು ಬಾರದ ಅಜ್ಜಿಯೊಬ್ಬರು ಕೂತಿದ್ದರೆ ಅವರನ್ನೇ ಮೊದಲು ಕೇಳಿ: "ಅಜ್ಜಿ, ಕತೆಯಲ್ಲಿ ಏನಾಯಿತು?" ಅವರು ಹೇಳುವಾಗ ಬಿಟ್ಟುಹೋದದ್ದನ್ನು ಉಳಿದವರು ಸೇರಿಸಲಿ. ಆಮೇಲೆ ಮೂರೇ ಪ್ರಶ್ನೆ. ಇದರಲ್ಲಿ ದೇವರ ಬಗ್ಗೆ ಏನು ತಿಳಿಯಿತು? ಮನುಷ್ಯರ ಬಗ್ಗೆ ಏನು ತಿಳಿಯಿತು? ಈ ವಾರ ನಾನು ಏನು ಮಾಡಬೇಕು? ಮೂರನೆಯದಕ್ಕೆ ಉತ್ತರ ಸಣ್ಣದಿದ್ದಷ್ಟೂ ಒಳ್ಳೆಯದು. "ನಂಬಿಕೆಯಿಂದ ಇರುತ್ತೇನೆ" ಎಂದರೆ ಮುಂದಿನ ವಾರ ವಿಚಾರಿಸಲು ಏನೂ ಇರುವುದಿಲ್ಲ. "ಮಾತು ಬಿಟ್ಟಿದ್ದ ತಮ್ಮನಿಗೆ ಫೋನ್ ಮಾಡುತ್ತೇನೆ" ಎಂದರೆ ವಿಚಾರಿಸಬಹುದು.

ಕಥೋಲಿಕರಲ್ಲಿ ಬಳಕೆಯಲ್ಲಿರುವ ಏಳು ಹೆಜ್ಜೆಗಳ ವಿಧಾನವೂ ಇಂಥದ್ದೇ. ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆ ಅದನ್ನು ರೂಪಿಸಿತು. ಪ್ರಭುವನ್ನು ಆಹ್ವಾನಿಸುವುದು, ಓದುವುದು, ಮನಸ್ಸಿಗೆ ತಾಗಿದ ಮಾತನ್ನು ಮೂರು ಸಲ ಹೇಳುವುದು, ಮೌನವಾಗಿರುವುದು, ಹಂಚಿಕೊಳ್ಳುವುದು, ಮಾಡಬೇಕಾದ ಕೆಲಸ ಗೊತ್ತುಮಾಡುವುದು, ಪ್ರಾರ್ಥಿಸುವುದು. ಇದಕ್ಕೆ ದೊಡ್ಡ ಪಂಡಿತರು ಬೇಕಿಲ್ಲ.

ಮುಂದಾಳಿನಲ್ಲಿ ಏನಿರಬೇಕು?

1 ತಿಮೊಥೆಯ 3, ತೀತ 1, 1 ಪೇತ್ರ 5 ಈ ಅಧ್ಯಾಯಗಳಲ್ಲಿ ಸಭೆಯ ಹಿರಿಯರ ಗುಣಗಳ ಪಟ್ಟಿಯೇ ಇದೆ. ಗಮನಿಸಿ ನೋಡಿದರೆ ಮಾತಿನ ಚಾತುರ್ಯಕ್ಕಿಂತ ನಡತೆಗೆ ಅಲ್ಲಿ ಹೆಚ್ಚು ಜಾಗ. ಹಣದಾಸೆ ಇಲ್ಲದವರು, ಜಗಳಗಂಟರಲ್ಲದವರು, ಅತಿಥಿಗಳನ್ನು ಸತ್ಕರಿಸುವವರು, ಹೊರಗಿನವರಿಂದಲೂ ಒಳ್ಳೆಯವರೆನಿಸಿಕೊಂಡವರು. ಆದರೆ ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ ಗುಣ ಬರುವುದಿಲ್ಲ. ಒಂದೊಂದು ಗುಣಕ್ಕೂ ಒಂದೊಂದು ಕಟ್ಟುಪಾಡು ಬೇಕು.

ಸೇವೆ: ಚಾಪೆ ಹಾಸುವ, ಲೋಟ ತೊಳೆಯುವ ಸರದಿಯಲ್ಲಿ ಮುಂದಾಳಿನ ಹೆಸರೂ ಇರಲಿ.

ಸಮಾನತೆ: ಕೂಟ ಎಲ್ಲರ ಮನೆಗೂ ಸರದಿಯಂತೆ ಹೋಗಲಿ. ಯಾವ ಕೇರಿಗೆ ನಾವು ಹೋಗುವುದಿಲ್ಲ, ಯಾರ ಮನೆಯ ನೀರು ಮುಟ್ಟುವುದಿಲ್ಲ ಎಂಬುದು ನಮ್ಮಲ್ಲಿ ಜಾತಿ ಉಳಿದಿದೆಯೇ ಎಂಬುದಕ್ಕೆ ಉತ್ತರ. ಆ ಮನೆಯಲ್ಲಿ ಕೂತು ಚಹಾ ಕುಡಿಯದೆ ಸಮಾನತೆಯ ಮಾತಾಡಬಾರದು.

ಗುಟ್ಟು ಕಾಯುವುದು: ಕೂಟದಲ್ಲಿ ಕೇಳಿದ್ದು ಕೂಟದಲ್ಲೇ ಉಳಿಯಬೇಕು. ಒಬ್ಬರ ಮನೆಯ ಕಷ್ಟವನ್ನು "ಪ್ರಾರ್ಥನೆಗಾಗಿ" ಎಂದು ವಾಟ್ಸ್ಯಾಪ್ ಗ್ರೂಪಿಗೆ ಹಾಕುವುದೂ ಚಾಡಿಯೇ. ಹಾಕುವ ಮೊದಲು ಅವರ ಒಪ್ಪಿಗೆ ಕೇಳಿ.

ಜವಾಬು ಕೊಡುವುದು: ಮುಂದಾಳನ್ನು ಪ್ರಶ್ನಿಸುವವರು ಒಬ್ಬರಿರಬೇಕು. ತಿಂಗಳಿಗೊಮ್ಮೆ ಎಲ್ಲ ಕೂಟಗಳ ಮುಂದಾಳುಗಳು ಸಭಾಪಾಲಕರ ಜೊತೆ ಕೂರಲಿ. ಸಭಾಪಾಲಕರೂ ಹಿರಿಯರ ಸಮಿತಿಗೆ ಉತ್ತರ ಕೊಡಲಿ.

ಜಗಳ ಬಿಡಿಸುವುದು: ಮತ್ತಾಯ 18:15ರಿಂದ 17ರಲ್ಲಿ ಕ್ರಮ ಸ್ಪಷ್ಟವಿದೆ. ಮೊದಲು ಇಬ್ಬರೇ ಮಾತಾಡಬೇಕು. ಆಗದಿದ್ದರೆ ಒಂದಿಬ್ಬರು ಸಾಕ್ಷಿಗಳ ಮುಂದೆ. ಅದೂ ಆಗದಿದ್ದರೆ ಸಭೆಯ ಮುಂದೆ. ಮೂರನೆಯದರಿಂದ ಶುರು ಮಾಡುವುದರಿಂದಲೇ ಸಭೆಗಳು ಒಡೆಯುತ್ತವೆ.

ಬಿಟ್ಟುಕೊಡುವುದು: ಮುಂದಾಳುತನಕ್ಕೆ ಎರಡು ವರ್ಷದ ಅವಧಿ ಇಡಿ. ಮೊದಲ ದಿನದಿಂದಲೇ ಒಬ್ಬ ಜೊತೆಗಾರರನ್ನು ತಯಾರು ಮಾಡಿ. ಕೂಟ ಹದಿನೈದು ಜನ ದಾಟಿದಾಗ ಎರಡಾಗಿ ಕವಲೊಡೆಯಲು ಆ ಜೊತೆಗಾರರೇ ಬೇಕು.

ಹೆಂಗಸರು ಕೂಟ ನಡೆಸಬಹುದೇ?

ನಿಮ್ಮ ಸಭೆಯ ನಿಯಮ ನೋಡಿಕೊಳ್ಳಿ. ಬೈಬಲಿನಲ್ಲಿ ಪ್ರಿಸ್ಕಿಲ್ಲ, ಅಕ್ವಿಲ ದಂಪತಿಗಳ ಮನೆಯಲ್ಲಿ ಸಭೆ ಕೂಡುತ್ತಿತ್ತು. ಫಿಲಿಪ್ಪಿಯ ಸಭೆಗೆ ಆಸರೆಯಾದದ್ದು ಲುದ್ಯಳ ಮನೆ. ಸಿಎಸ್‌ಐ 2013ರಲ್ಲಿ ಇ. ಪುಷ್ಪಲಲಿತಾ ಅವರನ್ನು ನಂದ್ಯಾಲದ ಬಿಷಪ್ ಆಗಿ ನೇಮಿಸಿತು. ನಮ್ಮ ತಾಲ್ಲೂಕುಗಳಲ್ಲಿ ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆದು, ಸಾಲ ವಸೂಲಿ ಮಾಡಿ, ಬ್ಯಾಂಕಿನಲ್ಲಿ ಮಾತಾಡಿ ಪಳಗಿದ ಅಕ್ಕಂದಿರಿದ್ದಾರೆ. ಜನರನ್ನು ಕೂಡಿಸಿಕೊಂಡು ಹೋಗುವುದು ಅವರಿಗೆ ಗೊತ್ತು.

ಮಕ್ಕಳು, ಕಾಯಿಲೆ: ಎರಡು ಎಚ್ಚರಿಕೆ

ಮಕ್ಕಳ ಜೊತೆ ಒಬ್ಬರೇ ದೊಡ್ಡವರು ಮುಚ್ಚಿದ ಕೋಣೆಯಲ್ಲಿ ಇರಬಾರದು. ಯಾವಾಗಲೂ ಇಬ್ಬರಿರಬೇಕು, ಬಾಗಿಲು ತೆರೆದಿರಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂಬ ಅನುಮಾನ ಬಂದರೆ ಸಭೆಯ ಮಾನ ಎಂದು ಮುಚ್ಚಿಡುವಂತಿಲ್ಲ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಅಪರಾಧ. ಮಕ್ಕಳ ಸಹಾಯವಾಣಿ 1098. ಗುಟ್ಟು ಕಾಯುವ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ ಎಂದು ಮೊದಲ ದಿನವೇ ಎಲ್ಲರಿಗೂ ಹೇಳಿಬಿಡಿ.

ಕಾಯಿಲೆಯವರಿಗಾಗಿ ಪ್ರಾರ್ಥಿಸಿ. ಆದರೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ ಫಿಟ್ಸ್‌ ಮಾತ್ರೆಯನ್ನೋ ನಿಲ್ಲಿಸಿ ಎಂದು ಯಾರೂ ಹೇಳಕೂಡದು. ಮನಸ್ಸು ತೀರಾ ಕುಗ್ಗಿದವರಿಗೆ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಉಚಿತವಾಗಿ ಮಾತಾಡಬಹುದು.

ಅಕ್ಕಪಕ್ಕದವರು ಆಕ್ಷೇಪಿಸಿದರೆ?

ಧರ್ಮವನ್ನು ಆಚರಿಸುವ, ಸಾರುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಕ್ಕೆ ಅದು ಒಳಪಟ್ಟದ್ದು. ಶಬ್ದದ ವಿಷಯದಲ್ಲಿ 2000ದ ನಿಯಮಗಳಿವೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಹತ್ತು ಜನರ ಕೂಟಕ್ಕೆ ಮೈಕು ಏಕೆ ಬೇಕು? ಬೇಡವೇ ಬೇಡ.

ಮತಾಂತರದ ವಿಷಯ ಇಲ್ಲಿ ಸೂಕ್ಷ್ಮ. 2021ರ ಸೆಪ್ಟೆಂಬರ್‌ನಲ್ಲಿ ಹೊಸದುರ್ಗದ ಅಂದಿನ ಶಾಸಕರು ವಿಧಾನಸಭೆಯಲ್ಲಿ ಅದನ್ನು ಪ್ರಸ್ತಾಪಿಸಿದ್ದು ರಾಜ್ಯದಲ್ಲೆಲ್ಲ ಚರ್ಚೆಯಾಯಿತು. 2022ರಲ್ಲಿ ಒತ್ತಾಯ, ಆಮಿಷ, ಮೋಸದ ಮತಾಂತರ ತಡೆಯುವ ಕಾಯ್ದೆ ಬಂತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. ದೀಕ್ಷಾಸ್ನಾನದ ಮಾತು ಬಂದಾಗ ಇಂದಿನ ಕಾನೂನು ಏನೆಂದು ಸಭೆಯ ಹಿರಿಯರು ವಕೀಲರಲ್ಲಿ ಕೇಳಿಕೊಳ್ಳಬೇಕು. ಕಾನೂನು ಹೇಗೇ ಇರಲಿ, ಹಣ, ಅಕ್ಕಿ, ಕೆಲಸದ ಆಸೆ ತೋರಿಸಿ ಯಾರನ್ನೂ ಕರೆಯುವುದು ಯೇಸುವಿನ ದಾರಿಯಲ್ಲ. ಅಕ್ಕಪಕ್ಕದವರಿಗೆ ಕೂಟದ ದಿನ, ಹೊತ್ತು ಮೊದಲೇ ತಿಳಿಸಿ. ಅವರ ಮನೆಯ ಕಷ್ಟಕ್ಕೂ ಹೋಗಿ ನಿಲ್ಲಿ.

ಖರ್ಚು ಎಷ್ಟು? ಲೆಕ್ಕ ಹೇಗೆ?

ಕೂಟಕ್ಕೆ ಹೆಚ್ಚು ಖರ್ಚಿಲ್ಲ. ಬೈಬಲ್ ಇಲ್ಲದವರು ಫೋನಿನಲ್ಲಿ ಯೂವರ್ಷನ್ ಆ್ಯಪ್ ಹಾಕಿಕೊಂಡರೆ ಕನ್ನಡ ಬೈಬಲ್ ಉಚಿತ. ತಿಂಡಿಗೆ ಒಂದು ಕಟ್ಟುನಿಟ್ಟು ಮಾಡಿ: ಚಹಾ ಮಾತ್ರ, ಹೆಚ್ಚೆಂದರೆ ಮಂಡಕ್ಕಿ. ಒಂದು ಮನೆಯಲ್ಲಿ ಕೇಸರಿಬಾತು ಬಂದರೆ ಮುಂದಿನ ವಾರದ ಬಡವರ ಮನೆಗೆ ಅದೇ ಭಾರ. ಎರಡು ತಿಂಗಳಲ್ಲಿ ಅವರು ಸರದಿಯಿಂದ ಹಿಂದೆ ಸರಿಯುತ್ತಾರೆ.

ಕಾಣಿಕೆ ಎತ್ತಿದರೆ ಅಲ್ಲೇ ಇಬ್ಬರು ಎಣಿಸಲಿ. ಆ ಇಬ್ಬರು ಒಂದೇ ಮನೆಯವರಾಗಿರಬಾರದು. ಚೀಟಿಯಲ್ಲಿ ದಿನಾಂಕ, ಮೊತ್ತ, ಇಬ್ಬರ ಸಹಿ ಇರಲಿ. ಪುಸ್ತಕದಲ್ಲಿ ಬಂದದ್ದು, ಹೋದದ್ದು, ಉಳಿದದ್ದು ಎಂದು ಮೂರು ಕಾಲಂ ಸಾಕು. ಹಣ ಸಭೆಯ ಖಾತೆಗೆ ಹೋಗಲಿ, ಮುಂದಾಳಿನ ಫೋನ್‌ಪೇಗೆ ಬೇಡ. ವಿದೇಶದಲ್ಲಿರುವವರು ದಾನ ಕೊಡುತ್ತೇವೆ ಎಂದರೆ ಅವಸರ ಪಡಬೇಡಿ. ವಿದೇಶಿ ಮೂಲದ ದಾನಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಆ ಹಣ ಮೊದಲು ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ನಿಗದಿತ ಖಾತೆಗೆ. ಆಡಿಟರ್ ಒಬ್ಬರನ್ನು ಕೇಳಿಯೇ ಮುಂದುವರಿಯಿರಿ.

ತರಬೇತಿ ಎಲ್ಲಿ ಸಿಗುತ್ತದೆ?

ಮೊದಲು ನಿಮ್ಮ ಸಭಾಪಾಲಕರನ್ನು ಕೇಳಿ. ಸಿಎಸ್‌ಐ ಸಭೆಯವರಿಗೆ ಡಯಾಸಿಸ್, ಅಂದರೆ ಬಿಷಪ್ ಆಡಳಿತದ ಕ್ಷೇತ್ರದ ಕಚೇರಿ ದಾರಿ ತೋರಿಸುತ್ತದೆ. ಚಿತ್ರದುರ್ಗ ಜಿಲ್ಲೆಯ ಕಥೋಲಿಕರು 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದವರು. ಅವರು ಧರ್ಮಕೇಂದ್ರದ ಗುರುಗಳನ್ನು ಕೇಳಬಹುದು. ಬೆಂಗಳೂರಿನ ಎನ್‌ಬಿಸಿಎಲ್‌ಸಿ ಕಥೋಲಿಕ ಸಭೆಯ ರಾಷ್ಟ್ರಮಟ್ಟದ ಬೈಬಲ್ ತರಬೇತಿ ಕೇಂದ್ರ. ಊರು ಬಿಡಲಾಗದವರಿಗೆ ಟಾಫ್ಟಿ ಎಂಬ ಸಂಸ್ಥೆ ಇದೆ. 1971ರಲ್ಲಿ ಶುರುವಾದ ಇದು ಕೆಲಸ ಬಿಡದೆ ಮನೆಯಲ್ಲೇ ಪಾಠ ಓದಿ, ಗುಂಪಿನಲ್ಲಿ ಕೂಡಿ ಚರ್ಚಿಸುವಂತೆ ಕಲಿಸುತ್ತದೆ. ಪೂರ್ಣ ದೇವಜ್ಞಾನ ಓದಬೇಕೆನ್ನುವ ಯುವಕ ಯುವತಿಯರಿಗೆ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ.

ಶುರು ಮಾಡುವುದು ಹೇಗೆ?

ನಾಲ್ಕು ಮನೆಗಳು ಒಪ್ಪಿದರೆ ಶುರು ಮಾಡಬಹುದು. ಮೂರು ತಿಂಗಳಿಗೆಂದು ಗೊತ್ತುಮಾಡಿ, ಮಾರ್ಕನ ಸುವಾರ್ತೆ ಹಿಡಿಯಿರಿ. ಹೊಳಲ್ಕೆರೆ, ಹೊಸದುರ್ಗದ ಕಡೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಜನಕ್ಕೆ ಬಿಡುವಿರುವುದಿಲ್ಲ, ಆಗ ಹದಿನೈದು ದಿನಕ್ಕೊಮ್ಮೆ ಸೇರಿದರೂ ಸರಿ. ಹಿರಿಯೂರಿನಲ್ಲಿ ಪಾಳಿ ಕೆಲಸದವರಿದ್ದರೆ ಅವರ ರಜೆಯ ದಿನ ನೋಡಿ ಇಡಿ.

ಮೂರು ತಿಂಗಳಾದ ಮೇಲೆ ಎಲ್ಲರೂ ಕೂತು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಎಲ್ಲ ಮನೆಗಳಿಗೂ ಕೂಟ ಹೋಯಿತೇ? ಲೆಕ್ಕದ ಪುಸ್ತಕವನ್ನು ಯಾರು ಕೇಳಿದರೂ ತೋರಿಸಬಹುದೇ? ಮುಂದಾಳು ಒಂದು ವಾರ ಬರದಿದ್ದರೆ ಕೂಟ ನಡೆಯಿತೇ? ಕಷ್ಟದಲ್ಲಿದ್ದವರು ಬಾಯಿಬಿಟ್ಟು ಹೇಳಿಕೊಂಡರೇ? ನಾಲ್ಕಕ್ಕೂ ಹೌದು ಎಂದರೆ ಮುಂದುವರಿಯಿರಿ. ಒಂದಕ್ಕೆ ಇಲ್ಲ ಎಂದರೂ ಹೊಸಬರನ್ನು ಕರೆಯುವ ಮೊದಲು ಅದನ್ನು ಸರಿಪಡಿಸಿ.