ನಳಿಗೆಯೊಳಗಿನ ನೆತ್ತರು ಹೇಳುವ ಸುದ್ದಿ

ಮಗುವಿಗೆ ನಾಲ್ಕು ದಿನ ಕಳೆದರೂ ಜ್ವರ ಬಿಡದಿದ್ದರೆ ವೈದ್ಯರು ರಕ್ತಪರೀಕ್ಷೆಗೆ ಬರೆದುಕೊಡುವುದು ವಾಡಿಕೆ. ಸಂಜೆ ಪ್ರಯೋಗಶಾಲೆಯಿಂದ ಬರುವ ವರದಿಯಲ್ಲಿ ಹತ್ತಾರು ಅಂಕಿಗಳಿರುತ್ತವೆ. ಒಂದೆರಡು ಅಂಕಿಗಳು ಮಾತ್ರ ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತವೆ. ಮನೆಯವರ ಕಣ್ಣು ಮೊದಲು ಬೀಳುವುದು ಅವುಗಳ ಮೇಲೆಯೇ. ‘ಇ.ಎಸ್.ಆರ್. 48’ ಎಂದು ಓದಿದೊಡನೆ ಅಜ್ಜಿಗೆ ಕ್ಷಯದ ಭಯ. ತಾಯಿಗೆ ಹೆಸರಿಸಲೂ ಬಾರದ ಬೇರೊಂದರ ಭಯ. ಮರುದಿನ ವೈದ್ಯರನ್ನು ಕಾಣುವಷ್ಟರಲ್ಲಿ ಮನೆಮಂದಿಯ ಒಂದು ರಾತ್ರಿಯ ನಿದ್ರೆ ಹೋಗಿರುತ್ತದೆ. ಆ ಅಂಕಿಗೆ ಯಾವ ರೋಗವನ್ನೂ ಹೆಸರಿಡಿದು ಹೇಳುವ ಶಕ್ತಿಯಿಲ್ಲವೆಂಬುದನ್ನು ತಿಳಿದವರು ಕಡಮೆ.

ಮುಳ್ಳು ಚುಚ್ಚಿದ ಜಾಗ ಕೆಂಪಗಾಗಿ, ಬಿಸಿಯೇರಿ, ಊದಿಕೊಂಡು ನೋಯುವುದನ್ನು ಎಲ್ಲರೂ ಬಲ್ಲರು. ಶರೀರವು ತನ್ನ ರಕ್ಷಣೆಗಾಗಿ ಹೂಡುವ ಈ ಹೋರಾಟವೇ ಉರಿಯೂತ. ಇದು ಚರ್ಮದ ಮೇಲೆ ನಡೆದರೆ ಕಣ್ಣಿಗೆ ಕಾಣುತ್ತದೆ. ಶ್ವಾಸಕೋಶದಲ್ಲಿಯೋ ಮೂತ್ರಪಿಂಡದಲ್ಲಿಯೋ ಕೀಲಿನೊಳಗೋ ನಡೆದರೆ ಕಾಣದು. ಎಲ್ಲಿ ನೋಯುತ್ತದೆಂದು ಎಳೆಯ ಮಗುವಿಗೆ ಹೇಳಲೂ ಬಾರದು. ಆಗ ವೈದ್ಯರು ರಕ್ತದಲ್ಲಿ ಅದರ ಸುಳಿವನ್ನು ಅರಸುತ್ತಾರೆ.

ಇ.ಎಸ್.ಆರ್. ಪರೀಕ್ಷೆ ಅತ್ಯಂತ ಸರಳವಾದುದು. ರಕ್ತ ಹೆಪ್ಪುಗಟ್ಟದಂತೆ ಔಷಧಿ ಬೆರೆಸಿ, 200 ಮಿಲಿಮೀಟರುಗಳವರೆಗೆ ಗುರುತು ಹಾಕಿದ ಸಣ್ಣ ಗಾಜಿನ ನಳಿಗೆಯಲ್ಲಿ ತುಂಬಿ, ನೆಟ್ಟಗೆ ನಿಲ್ಲಿಸಿ ಒಂದು ಗಂಟೆ ಕಾಯುವುದು. ಕೆಂಪು ಕಣಗಳು ನಿಧಾನವಾಗಿ ತಳಕ್ಕಿಳಿಯುತ್ತವೆ. ಮೇಲೆ ಹಳದಿಯ ತಿಳಿ ನಿಲ್ಲುತ್ತದೆ. ಆ ತಿಳಿಯ ಎತ್ತರವೇ ವರದಿಯಲ್ಲಿ ಕಾಣುವ ಅಂಕಿ. ಉರಿಯೂತವಿದ್ದಾಗ ಯಕೃತ್ತು ಫೈಬ್ರಿನೋಜೆನ್ ಎಂಬ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತದೆ. ಅದರ ಪ್ರಭಾವದಿಂದ ಕೆಂಪು ಕಣಗಳು ನಾಣ್ಯಗಳನ್ನು ಪೇರಿಸಿಟ್ಟಂತೆ ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ, ಬೇಗ ಬೇಗ ಕೆಳಗಿಳಿಯುತ್ತವೆ.

ಪೋಲೆಂಡಿನ ವೈದ್ಯ ಎಡ್ಮಂಡ್ ಬಿಯೆರ್ನಾಟ್ಸ್ಕಿ 1897ರಲ್ಲಿ ಇದನ್ನು ರೋಗಪರೀಕ್ಷೆಗೆ ಬಳಸಬಹುದೆಂದು ತೋರಿಸಿದನು. 1918ರಲ್ಲಿ ಸ್ವೀಡನ್ನಿನ ರಾಬಿನ್ ಫೋರೇಯಸ್ ಗರ್ಭಿಣಿಯರ ರಕ್ತದ ಕಣಗಳು ಬೇಗ ಇಳಿಯುವುದನ್ನು ಕಂಡು, ಗರ್ಭವನ್ನು ಪತ್ತೆಹಚ್ಚಲು ಇದೊಂದು ಉಪಾಯವಾದೀತೆಂದು ಆಶಿಸಿದನು. ಆ ಆಸೆ ಕೈಗೂಡಲಿಲ್ಲ. ಇತರ ಕಾಯಿಲೆಗಳಲ್ಲಿಯೂ ಹಾಗೆಯೇ ಆಗುತ್ತಿತ್ತು! ಅವನ ದೇಶದವನೇ ಆದ ಆಲ್ಫ್ ವೆಸ್ಟರ್‌ಗ್ರೆನ್ 1921ರಲ್ಲಿ ಈ ಪರೀಕ್ಷೆಯ ಕ್ರಮವನ್ನು ವಿವರಿಸಿದುದು ಶ್ವಾಸಕೋಶದ ಕ್ಷಯರೋಗಿಗಳ ಅಧ್ಯಯನದಲ್ಲಿ. ಇ.ಎಸ್.ಆರ್. ಎಂದೊಡನೆ ಅಜ್ಜಿಗೆ ಕ್ಷಯದ ನೆನಪಾಗುವುದು ನಿರಾಧಾರವೇನೂ ಅಲ್ಲ. ಆದರೆ ಇಂದು ಕ್ಷಯವನ್ನು ನಿರ್ಧರಿಸಲು ಕಫದ ಪರೀಕ್ಷೆ, ಎಕ್ಸ್‌ರೇ ಮುಂತಾದ ಬೇರೆ ಮಾರ್ಗಗಳುಂಟು.

ಈ ಪರೀಕ್ಷೆಯನ್ನು ದಾರಿತಪ್ಪಿಸುವ ಸಂಗತಿಗಳೂ ಹಲವು. ರಕ್ತಹೀನತೆಯಿದ್ದರೆ ಉರಿಯೂತವಿಲ್ಲದೆಯೂ ಅಂಕಿ ಏರಬಹುದು. ನಮ್ಮ ಮಕ್ಕಳಲ್ಲಿ ರಕ್ತಹೀನತೆ ಅಪರೂಪವಲ್ಲವಷ್ಟೆ. ಕೆಂಪು ಕಣಗಳು ಕುಡುಗೋಲಿನ ಆಕಾರ ತಳೆಯುವ ವಂಶಪಾರಂಪರ್ಯ ರೋಗದಲ್ಲಿ, ಕಣಗಳು ಪೇರಿಕೊಳ್ಳಲಾರದೆ, ಅಂಕಿ ತಗ್ಗಿಯೇ ಇರುತ್ತದೆ. ಅಲ್ಲದೆ ಇ.ಎಸ್.ಆರ್. ಮಂದಗತಿಯದು. ಏರುವುದಕ್ಕೂ ದಿನಗಳು ಬೇಕು. ಕಾಯಿಲೆ ವಾಸಿಯಾಗಿ ಮಗು ಅಂಗಳದಲ್ಲಿ ಕುಣಿಯುತ್ತಿದ್ದರೂ ಇಳಿಯುವುದಕ್ಕೆ ವಾರಗಳು ಹಿಡಿಯುತ್ತವೆ. ಅಂತಹ ಮಗುವನ್ನು ಅಂಕಿಯೊಂದಕ್ಕಾಗಿಯೇ ವಾರವಾರವೂ ಸೂಜಿಗೆ ಒಡ್ಡುವುದು ವ್ಯರ್ಥ ಹಿಂಸೆ.

ಇನ್ನೊಂದು ಪರೀಕ್ಷೆ ಸಿ.ಆರ್.ಪಿ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದರ ಇರವನ್ನು ಕಂಡರು. ನ್ಯುಮೋನಿಯಾ ಕ್ರಿಮಿಯ ‘ಸಿ’ ಎಂಬ ಅಂಶದೊಡನೆ ಪ್ರತಿಕ್ರಿಯಿಸುವ ಪ್ರೋಟೀನಾದ್ದರಿಂದ ಆ ಹೆಸರು. ಇದೂ ಯಕೃತ್ತಿನಲ್ಲಿಯೇ ಹುಟ್ಟುವುದಾದರೂ ನಡಿಗೆ ಚುರುಕು: ಉರಿಯೂತ ಆರಂಭವಾದ ಆರರಿಂದ ಹನ್ನೆರಡು ಗಂಟೆಗಳಲ್ಲಿ ಏರತೊಡಗಿ, ಸುಮಾರು ಎರಡು ದಿನಗಳಲ್ಲಿ ಶಿಖರ ಮುಟ್ಟುತ್ತದೆ. ಕಾರಣ ನಿಂತೊಡನೆ, ಸುಮಾರು 19 ಗಂಟೆಗಳಿಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಔಷಧಿ ನಾಟುತ್ತಿದೆಯೇ ಎಂದು ತಿಳಿಯಲು ಇದೇ ಹೆಚ್ಚು ಸಹಾಯಕ.

ಇಲ್ಲಿ ಒಂದು ಮೋಸವುಂಟು. ಕೆಲವು ಪ್ರಯೋಗಶಾಲೆಗಳು ಸಿ.ಆರ್.ಪಿ.ಯನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದೂ, ಕೆಲವು ಡೆಸಿಲೀಟರಿಗೆ ಇಷ್ಟು ಎಂದೂ ಬರೆಯುತ್ತವೆ. ಒಂದು ಕಡೆಯ 3, ಇನ್ನೊಂದು ಕಡೆಯ 30ಕ್ಕೆ ಸಮ. ಎರಡು ಪ್ರಯೋಗಶಾಲೆಗಳ ವರದಿಗಳನ್ನು ಎದುರುಬದುರಿಟ್ಟು, ‘ಒಂದೇ ದಿನದಲ್ಲಿ ಹತ್ತರಷ್ಟಾಯಿತು’ ಎಂದು ಕಂಗಾಲಾಗುವ ಮೊದಲು ಅಂಕಿಯ ಪಕ್ಕದ ಸಣ್ಣಕ್ಷರಗಳನ್ನು ಓದತಕ್ಕದ್ದು.

ಬ್ಯಾಕ್ಟೀರಿಯಾ ಸೋಂಕಿನಲ್ಲಿ ಸಿ.ಆರ್.ಪಿ. ಬಹಳ ಏರುವುದೂ ವೈರಸ್ ಜ್ವರದಲ್ಲಿ ಅಲ್ಪವಾಗಿ ಏರುವುದೂ ಸಾಮಾನ್ಯ. ಆದರೆ ಅಡೆನೋವೈರಸ್‌ನಂತಹ ಕೆಲವು ವೈರಸ್‌ಗಳು ಅದನ್ನು ಚೆನ್ನಾಗಿಯೇ ಏರಿಸಬಲ್ಲವು. ಆದುದರಿಂದ ಅಂಕಿಯನ್ನು ಕಂಡೊಡನೆ ಔಷಧಿ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗಿಸುವುದು ಜಾಣತನವಲ್ಲ. ಇದಕ್ಕಿಂತ ಅಪಾಯಕರವಾದುದು ಇನ್ನೊಂದು: ಜ್ವರ ಬಂದ ಮೊದಲ ಕೆಲವೇ ಗಂಟೆಗಳಲ್ಲಿ ಪರೀಕ್ಷಿಸಿ, ‘ಏನೂ ಇಲ್ಲ’ ಎಂದು ನೆಮ್ಮದಿಯಾಗಿರುವುದು. ಪ್ರೋಟೀನು ಏರಲು ಆಗಿನ್ನೂ ಅವಕಾಶವೇ ಆಗಿರುವುದಿಲ್ಲ. ಉಸಿರಾಟ ಕಷ್ಟವಾದರೆ, ಮಗು ಏನನ್ನೂ ಕುಡಿಯದೆ ಮಂಕಾಗಿ ಮಲಗಿದರೆ, ಮೂತ್ರ ತೀರ ಕಡಮೆಯಾದರೆ, ಮೂರು ತಿಂಗಳು ತುಂಬದ ಕೂಸಿಗೆ ಜ್ವರ ಬಂದರೆ, ವರದಿಯಲ್ಲಿ ಏನೇ ಇರಲಿ, ಕೂಡಲೇ ವೈದ್ಯರಿಗೆ ತೋರಿಸಬೇಕು.

ಹಾಗಾದರೆ ಈ ಅಂಕಿಗಳಿಂದ ಪ್ರಯೋಜನವಿಲ್ಲವೆ? ಬೇಕಾದಷ್ಟುಂಟು. ಗಂಟಲುನೋವು ಬಂದುಹೋದ ಎರಡು ಮೂರು ವಾರಗಳ ಮೇಲೆ ಶಾಲೆಗೆ ಹೋಗುವ ಹುಡುಗನ ಮೊಣಕಾಲು ಊದಿ, ನೋವು ಕೀಲಿನಿಂದ ಕೀಲಿಗೆ ಓಡಾಡತೊಡಗಿದರೆ ಅದು ರುಮ್ಯಾಟಿಕ್ ಜ್ವರವಾಗಿರಬಹುದು. ಹೃದಯದ ಕವಾಟಗಳನ್ನು ಕೆಡಿಸುವ ಈ ಕಾಯಿಲೆ ಭಾರತದಲ್ಲಿ ಇನ್ನೂ ಅಳಿದಿಲ್ಲ. 1944ರಲ್ಲಿ ಡಕೆಟ್ ಜೋನ್ಸ್ ರೂಪಿಸಿದ, ಮುಂದೆ ಹಲವು ಬಾರಿ ತಿದ್ದಲ್ಪಟ್ಟ ಲಕ್ಷಣಪಟ್ಟಿಯಲ್ಲಿ ಇ.ಎಸ್.ಆರ್., ಸಿ.ಆರ್.ಪಿ.ಗಳಿಗೂ ಸ್ಥಾನವುಂಟು. ಆದರೆ ‘ಗೌಣ’ ಲಕ್ಷಣಗಳ ಸಾಲಿನಲ್ಲಿ ಮಾತ್ರ! ಜಪಾನಿನ ಟೊಮಿಸಾಕು ಕವಾಸಾಕಿ 1967ರಲ್ಲಿ ವರ್ಣಿಸಿದ ಕಾಯಿಲೆಯಲ್ಲಿಯೂ ಇವು ಬಹಳ ಏರುತ್ತವೆ. ಐದು ದಿನ ಬಿಡದ ಜ್ವರ, ಕೆಂಪು ಕಣ್ಣು, ಒಡೆದ ತುಟಿ, ಮೈಮೇಲೆ ದದ್ದು. ಗುರುತಿಸದೆ ಬಿಟ್ಟರೆ ಹೃದಯದ ರಕ್ತನಾಳಗಳು ಉಬ್ಬಬಹುದು. ಅದಕ್ಕೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಔಷಧಿಯೇ ಇ.ಎಸ್.ಆರ್. ಅನ್ನು ಏರಿಸುವುದರಿಂದ, ಚಿಕಿತ್ಸೆಯ ಅನಂತರ ವೈದ್ಯರು ಸಿ.ಆರ್.ಪಿ.ಯನ್ನು ಮಾತ್ರ ನಂಬುತ್ತಾರೆ.

ಅಂಕಿ ಇಳಿದುದೇ ಕೆಟ್ಟ ಸುದ್ದಿಯಾಗುವ ಸಂದರ್ಭವೂ ಒಂದುಂಟು. ದಿನವೂ ಜ್ವರ ಬರುವ ಬಗೆಯ ಕೀಲುವಾತವುಳ್ಳ ಕೆಲವು ಮಕ್ಕಳಲ್ಲಿ ರಕ್ಷಣಾಕಣಗಳು ಕಡಿವಾಣ ಹರಿದುಕೊಂಡು ದೇಹದ ಮೇಲೆಯೇ ತಿರುಗಿಬೀಳುತ್ತವೆ. ಫೈಬ್ರಿನೋಜೆನ್ ಕರಗಿಹೋಗುತ್ತದೆ, ನಾಣ್ಯಗಳು ಪೇರಿಕೊಳ್ಳುವುದು ನಿಲ್ಲುತ್ತದೆ, ಎತ್ತರದಲ್ಲಿದ್ದ ಇ.ಎಸ್.ಆರ್. ತಟಕ್ಕನೆ ಕುಸಿಯುತ್ತದೆ. ಮನೆಯವರು ಗುಣವಾಯಿತೆಂದು ಹಿಗ್ಗುತ್ತಿರುವಾಗ, ಮಗುವಿನ ಮೈ ಇನ್ನೂ ಸುಡುತ್ತಿರುವುದನ್ನು ಮುಟ್ಟಿ ನೋಡಿದ ವೈದ್ಯರು ಅದನ್ನು ಅಂದೇ ಆಸ್ಪತ್ರೆಗೆ ಸೇರಿಸಿಕೊಂಡು, ರಕ್ತದಲ್ಲಿ ಫೆರಿಟಿನ್ ಎಷ್ಟಿದೆಯೆಂದು ನೋಡಲು ಹೇಳುತ್ತಾರೆ.