ಅಮೆರಿಕದಲ್ಲಿ ಹೃದಯ ಪರ್ಫ್ಯೂಷನ್ ಸ್ನಾತಕೋತ್ತರ ಶಿಕ್ಷಣಕ್ಕೆ ಪ್ರವೇಶ

ಹೃದಯ ಪರ್ಫ್ಯೂಷನ್ ಎಂಬುದು ತೆರೆದ ಹೃದಯ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ರೋಗಿಯ ರಕ್ತಪರಿಚಲನೆ ಹಾಗೂ ಉಸಿರಾಟದ ಕಾರ್ಯವನ್ನು ದೇಹದ ಹೊರಗಿನ ಯಂತ್ರದ ಮೂಲಕ ನಡೆಸುವ ವೈದ್ಯಕೀಯ ತಂತ್ರವಾಗಿದೆ. ಈ ಯಂತ್ರವನ್ನು ಹೃದಯ-ಶ್ವಾಸಕೋಶ ಯಂತ್ರ ಎಂದೂ, ಅದನ್ನು ನಿರ್ವಹಿಸುವ ತಜ್ಞರನ್ನು ಪರ್ಫ್ಯೂಷನಿಸ್ಟ್ ಎಂದೂ ಕರೆಯಲಾಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ವೃತ್ತಿಗೆ ಪ್ರವೇಶಿಸಲು ಮಾನ್ಯತೆ ಪಡೆದ ಪರ್ಫ್ಯೂಷನ್ ಶಿಕ್ಷಣ ಕಾರ್ಯಕ್ರಮವೊಂದನ್ನು ಪೂರೈಸಬೇಕು. ಇಂತಹ ಕಾರ್ಯಕ್ರಮಗಳಲ್ಲಿ ಹೆಚ್ಚಿನವು ಸ್ನಾತಕೋತ್ತರ ಪದವಿಯನ್ನು ನೀಡುತ್ತವೆ. ಕಾರ್ಯಕ್ರಮಗಳ ಸಂಖ್ಯೆಯೂ ಪ್ರತಿ ತರಗತಿಯ ಸ್ಥಾನಗಳೂ ಕಡಿಮೆ ಇರುವುದರಿಂದ ಪ್ರವೇಶಕ್ಕೆ ತೀವ್ರ ಸ್ಪರ್ಧೆ ಇರುತ್ತದೆ.

ಹಿನ್ನೆಲೆ

ಅಮೆರಿಕದ ಶಸ್ತ್ರವೈದ್ಯ ಜಾನ್ ಗಿಬ್ಬನ್ 1953ರ ಮೇ 6ರಂದು ಫಿಲಡೆಲ್ಫಿಯಾ ನಗರದ ಜೆಫರ್ಸನ್ ವೈದ್ಯಕೀಯ ಕಾಲೇಜಿನಲ್ಲಿ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಮೊದಲ ಯಶಸ್ವಿ ತೆರೆದ ಹೃದಯ ಶಸ್ತ್ರಚಿಕಿತ್ಸೆ ನಡೆಸಿದರು. 18 ವರ್ಷದ ಯುವತಿಯ ಹೃದಯದ ಮೇಲ್ಕೋಣೆಗಳ ನಡುವಿನ ರಂಧ್ರವನ್ನು ಮುಚ್ಚಲು ಈ ಚಿಕಿತ್ಸೆ ಮಾಡಲಾಯಿತು. ಯಂತ್ರದ ಅಭಿವೃದ್ಧಿಗೆ ಸಂಬಂಧಿಸಿದ ವರ್ಷಗಳ ಪ್ರಯೋಗಗಳಲ್ಲಿ ಗಿಬ್ಬನ್ ಅವರ ಪತ್ನಿ ಮೇರಿ ಗಿಬ್ಬನ್ ಸಹಭಾಗಿಯಾಗಿದ್ದರು. 1955ರಲ್ಲಿ ಮೇಯೊ ಕ್ಲಿನಿಕ್‌ನಲ್ಲಿ ಜಾನ್ ಕರ್ಕ್ಲಿನ್ ಸುಧಾರಿತ ಯಂತ್ರವನ್ನು ಬಳಸತೊಡಗಿದರು. ಅದೇ ಅವಧಿಯಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ವಾಲ್ಟನ್ ಲಿಲ್ಲೆಹೈ ಮತ್ತು ರಿಚರ್ಡ್ ಡಿವಾಲ್ ಗುಳ್ಳೆ ಮಾದರಿಯ ಆಮ್ಲಜನಕ ಪೂರೈಕೆ ಸಾಧನವನ್ನು ರೂಢಿಗೆ ತಂದರು.

ಆರಂಭದ ವರ್ಷಗಳಲ್ಲಿ ಯಂತ್ರವನ್ನು ನಡೆಸಲು ಪ್ರತ್ಯೇಕ ಶಿಕ್ಷಣವಿರಲಿಲ್ಲ. ಪ್ರಯೋಗಾಲಯದ ತಂತ್ರಜ್ಞರು, ದಾದಿಯರು ಮೊದಲಾದವರು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿಯೇ ಕೆಲಸ ಕಲಿಯುತ್ತಿದ್ದರು. 1964ರಲ್ಲಿ ಈ ವೃತ್ತಿಪರರ ಸಂಘಟನೆಯಾದ ಆಮ್‌ಸೆಕ್ಟ್ ಸ್ಥಾಪನೆಯಾಯಿತು. 1975ರಲ್ಲಿ ಸ್ಥಾಪನೆಯಾದ ಅಮೆರಿಕನ್ ಬೋರ್ಡ್ ಆಫ್ ಕಾರ್ಡಿಯೋವ್ಯಾಸ್ಕ್ಯುಲರ್ ಪರ್ಫ್ಯೂಷನ್ ಅರ್ಹತಾ ಪರೀಕ್ಷೆಗಳ ಹೊಣೆ ಹೊತ್ತಿತು. ಕೆಲಸ ಮಾಡುತ್ತ ಕಲಿಯುವ ಪದ್ಧತಿಯ ಸ್ಥಾನದಲ್ಲಿ ಔಪಚಾರಿಕ ಶಿಕ್ಷಣ ಕ್ರಮೇಣ ನೆಲೆಗೊಂಡಿತು.

ವೃತ್ತಿಯ ಸ್ವರೂಪ

ಶಸ್ತ್ರಚಿಕಿತ್ಸೆಗಾಗಿ ಹೃದಯವನ್ನು ನಿಲ್ಲಿಸಿದಾಗ ಮಲಿನ ರಕ್ತವು ಕೊಳವೆಗಳ ಮೂಲಕ ಯಂತ್ರಕ್ಕೆ ಹರಿಯುತ್ತದೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಆಮ್ಲಜನಕ ಸೇರಿದ ಬಳಿಕ ರಕ್ತವನ್ನು ಮಹಾಪಧಮನಿಗೆ ಪಂಪ್ ಮಾಡಲಾಗುತ್ತದೆ. ರಕ್ತವು ಕೊಳವೆಗಳಲ್ಲಿ ಹೆಪ್ಪುಗಟ್ಟದಂತೆ ಮೊದಲೇ ಹೆಪಾರಿನ್ ನೀಡಲಾಗುತ್ತದೆ. ಚಿಕಿತ್ಸೆಯ ಕೊನೆಯಲ್ಲಿ ಪ್ರೋಟಮೀನ್ ನೀಡಿ ಅದರ ಪರಿಣಾಮವನ್ನು ತೊಡೆದುಹಾಕಲಾಗುತ್ತದೆ. ರಕ್ತದ ಹರಿವು, ಒತ್ತಡ, ತಾಪಮಾನ, ಅನಿಲಗಳ ಪ್ರಮಾಣ ಹಾಗೂ ಹೆಪ್ಪುಗಟ್ಟುವ ಅವಧಿಯನ್ನು ಪರ್ಫ್ಯೂಷನಿಸ್ಟ್ ಸತತವಾಗಿ ಗಮನಿಸಬೇಕು. ಕೊಳವೆಯೊಳಗೆ ಗಾಳಿಯ ಗುಳ್ಳೆ ಸೇರಿ ರೋಗಿಯ ಮಿದುಳನ್ನು ತಲುಪಿದರೆ ಪಾರ್ಶ್ವವಾಯು ಅಥವಾ ಸಾವು ಸಂಭವಿಸಬಹುದು. ಆಯ್ಕೆ ಸಮಿತಿಗಳು ಅಂಕಗಳ ಜೊತೆಗೆ ಅಭ್ಯರ್ಥಿಯ ಏಕಾಗ್ರತೆ, ಸಂವಹನ ಮತ್ತು ಒತ್ತಡ ನಿಭಾಯಿಸುವ ಶಕ್ತಿಯನ್ನು ಪರಿಶೀಲಿಸಲು ಈ ಹೊಣೆಗಾರಿಕೆಯೇ ಕಾರಣ.

ಮಾನ್ಯತೆ ಮತ್ತು ಅರ್ಹತಾ ಪತ್ರ

ಶಿಕ್ಷಣ ಕಾರ್ಯಕ್ರಮಕ್ಕೆ ದೊರೆಯುವ ಮಾನ್ಯತೆ ಮತ್ತು ವ್ಯಕ್ತಿಗೆ ದೊರೆಯುವ ಅರ್ಹತಾ ಪತ್ರ ಬೇರೆ ಬೇರೆ. ಕಾರ್ಯಕ್ರಮಗಳಿಗೆ ಕಾಹೆಪ್ ಎಂಬ ಸಂಸ್ಥೆ ಪರ್ಫ್ಯೂಷನ್ ಶಿಕ್ಷಣ ಮಾನ್ಯತಾ ಸಮಿತಿಯ ಶಿಫಾರಸಿನ ಮೇರೆಗೆ ಮಾನ್ಯತೆ ನೀಡುತ್ತದೆ. ಮಾನ್ಯ ಕಾರ್ಯಕ್ರಮದಲ್ಲಿ ಉತ್ತೀರ್ಣರಾದವರು ಮೇಲೆ ಹೇಳಿದ ಬೋರ್ಡ್ ನಡೆಸುವ ಎರಡು ಪರೀಕ್ಷೆಗಳನ್ನು ಬರೆಯುತ್ತಾರೆ. ಒಂದು ಮೂಲವಿಜ್ಞಾನಕ್ಕೂ ಇನ್ನೊಂದು ಚಿಕಿತ್ಸಾ ಅನ್ವಯಕ್ಕೂ ಸಂಬಂಧಿಸಿದ್ದು. ಎರಡರಲ್ಲೂ ತೇರ್ಗಡೆಯಾದವರು ಸಿಸಿಪಿ ಎಂಬ ಅರ್ಹತೆ ಪಡೆಯುತ್ತಾರೆ. ಅದನ್ನು ಉಳಿಸಿಕೊಳ್ಳಲು ವರ್ಷಕ್ಕೆ ಕನಿಷ್ಠ 40 ಚಿಕಿತ್ಸಾ ಚಟುವಟಿಕೆಗಳನ್ನು ದಾಖಲಿಸುವುದು ಹಾಗೂ ನಿರಂತರ ಶಿಕ್ಷಣದ ಅಂಕಗಳನ್ನು ಗಳಿಸುವುದು ಅಗತ್ಯ. ಹಲವು ರಾಜ್ಯಗಳಲ್ಲಿ ಪ್ರತ್ಯೇಕ ಪರವಾನಗಿಯೂ ಬೇಕಾಗುತ್ತದೆ.

ಆದುದರಿಂದ ಅರ್ಜಿ ಸಲ್ಲಿಸುವ ಮುನ್ನ ಕಾರ್ಯಕ್ರಮದ ಮಾನ್ಯತೆ ಚಾಲ್ತಿಯಲ್ಲಿದೆಯೇ ಎಂಬುದನ್ನು ಕಾಹೆಪ್ ಪ್ರಕಟಿಸುವ ಪಟ್ಟಿಯಲ್ಲಿ ಪರಿಶೀಲಿಸುವುದು ಮೊದಲ ಹೆಜ್ಜೆಯಾಗಿದೆ. ಮಾನ್ಯತೆ ಇಲ್ಲದ ಕಡೆ ಓದಿದವರು ಶುಲ್ಕ ಮತ್ತು ಸಮಯ ವ್ಯಯಿಸಿದ ಬಳಿಕವೂ ಪರೀಕ್ಷೆಗೆ ಅರ್ಹರಾಗದೆ ಉಳಿಯಬಹುದು.

ಶಿಕ್ಷಣ ಸಂಸ್ಥೆಗಳು

ಚಿಕಾಗೋದ ರಶ್ ವಿಶ್ವವಿದ್ಯಾಲಯ, ಅರಿಜೋನಾದ ಗ್ಲೆಂಡೇಲ್‌ನಲ್ಲಿರುವ ಮಿಡ್‌ವೆಸ್ಟರ್ನ್ ವಿಶ್ವವಿದ್ಯಾಲಯ, ಒಮಾಹಾದ ನೆಬ್ರಾಸ್ಕ ವಿಶ್ವವಿದ್ಯಾಲಯ ವೈದ್ಯಕೀಯ ಕೇಂದ್ರ, ಚಾರ್ಲ್ಸ್‌ಟನ್‌ನ ಮೆಡಿಕಲ್ ಯೂನಿವರ್ಸಿಟಿ ಆಫ್ ಸೌತ್ ಕೆರೊಲಿನಾ, ಕನೆಕ್ಟಿಕಟ್‌ನ ಕ್ವಿನಿಪಿಯಾಕ್ ವಿಶ್ವವಿದ್ಯಾಲಯ ಮತ್ತು ಮಿಲ್ವಾಕಿ ಸ್ಕೂಲ್ ಆಫ್ ಎಂಜಿನಿಯರಿಂಗ್ ಈ ಶಿಕ್ಷಣ ನೀಡುತ್ತ ಬಂದಿರುವ ಸಂಸ್ಥೆಗಳಲ್ಲಿ ಸೇರಿವೆ. ಹ್ಯೂಸ್ಟನ್‌ನ ಟೆಕ್ಸಾಸ್ ಹಾರ್ಟ್ ಇನ್‌ಸ್ಟಿಟ್ಯೂಟ್ ಈಗಾಗಲೇ ಪದವಿ ಹೊಂದಿರುವವರಿಗೆ ಪ್ರಮಾಣಪತ್ರ ಕಾರ್ಯಕ್ರಮದ ಮೂಲಕ ತರಬೇತಿ ನೀಡುವುದಕ್ಕೆ ಹೆಸರಾಗಿದೆ. ಸ್ನಾತಕೋತ್ತರ ಕಾರ್ಯಕ್ರಮಗಳ ಅವಧಿ ಸಾಮಾನ್ಯವಾಗಿ ಸುಮಾರು ಎರಡು ವರ್ಷ. ಮೊದಲ ಭಾಗದಲ್ಲಿ ತರಗತಿ ಪಾಠ ಹಾಗೂ ಕೃತಕ ಮಾದರಿಗಳ ಮೇಲಿನ ಅಭ್ಯಾಸ, ನಂತರದ ಭಾಗದಲ್ಲಿ ಆಸ್ಪತ್ರೆಗಳಲ್ಲಿ ಪ್ರಾಯೋಗಿಕ ತರಬೇತಿ ಇರುತ್ತದೆ. ವಿದ್ಯಾರ್ಥಿಯು ಮೇಲ್ವಿಚಾರಣೆಯಲ್ಲಿ ಕನಿಷ್ಠ 75 ಪರ್ಫ್ಯೂಷನ್ ಪ್ರಕರಣಗಳನ್ನು ನಿರ್ವಹಿಸಬೇಕು.

ಪ್ರವೇಶದ ಅಗತ್ಯಗಳು

ನಿಯಮಗಳು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತವೆ. ಸಾಮಾನ್ಯವಾಗಿ ಕೇಳಲಾಗುವ ಅಂಶಗಳು ಹೀಗಿವೆ:

• ಮಾನ್ಯ ವಿಶ್ವವಿದ್ಯಾಲಯದ ಸ್ನಾತಕ ಪದವಿ. ಜೀವಶಾಸ್ತ್ರವೇ ಮುಖ್ಯ ವಿಷಯವಾಗಿರಬೇಕೆಂದಿಲ್ಲ. ಶುಶ್ರೂಷೆ, ಉಸಿರಾಟ ಚಿಕಿತ್ಸೆ, ಎಂಜಿನಿಯರಿಂಗ್ ಹಿನ್ನೆಲೆಯವರೂ ಅರ್ಜಿ ಸಲ್ಲಿಸುತ್ತಾರೆ.
• ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಹಾಗೂ ಗಣಿತ ಅಥವಾ ಸಂಖ್ಯಾಶಾಸ್ತ್ರದ ಪೂರ್ವಾಧ್ಯಯನ.
• ಉತ್ತಮ ಶ್ರೇಣಿ. 4.0ರ ಮಾಪನದಲ್ಲಿ 3.0 ಅಥವಾ ಅದರ ಆಸುಪಾಸಿನ ಸರಾಸರಿಯನ್ನು ಕನಿಷ್ಠ ಮಟ್ಟವೆಂದು ಹಲವು ಸಂಸ್ಥೆಗಳು ಪರಿಗಣಿಸುತ್ತವೆ.
• ಅಧ್ಯಾಪಕರು ಅಥವಾ ಮೇಲಧಿಕಾರಿಗಳ ಶಿಫಾರಸು ಪತ್ರಗಳು.
• ಉದ್ದೇಶ ಪತ್ರ ಮತ್ತು ಸಂದರ್ಶನ.
• ಪರ್ಫ್ಯೂಷನಿಸ್ಟ್ ಜೊತೆಗಿದ್ದು ತೆರೆದ ಹೃದಯ ಶಸ್ತ್ರಚಿಕಿತ್ಸೆಯನ್ನು ವೀಕ್ಷಿಸಿದ ಅನುಭವ. ಕೆಲವು ಸಂಸ್ಥೆಗಳಲ್ಲಿ ಇದು ಕಡ್ಡಾಯ, ಇತರೆಡೆ ಅಪೇಕ್ಷಣೀಯ.

ಪ್ರವೇಶ ಖಚಿತವಾದ ಮೇಲೆ ಲಸಿಕೆಗಳ ದಾಖಲೆ, ಹಿನ್ನೆಲೆ ಪರಿಶೀಲನೆ ಮತ್ತು ಮಾದಕವಸ್ತು ಪರೀಕ್ಷೆಗಳನ್ನು ತರಬೇತಿ ನೀಡುವ ಆಸ್ಪತ್ರೆಗಳು ಕೇಳುವುದು ವಾಡಿಕೆ.

ಅರ್ಜಿಯ ಸಿದ್ಧತೆ

ಪೂರ್ವಾಧ್ಯಯನದ ಕೊರತೆಯನ್ನು ತುಂಬಿಕೊಳ್ಳಲು ಒಂದೆರಡು ಸೆಮಿಸ್ಟರ್ ಬೇಕಾಗಬಹುದು. ಆದ್ದರಿಂದ ಅರ್ಜಿಗೆ ಒಂದು ವರ್ಷ ಮೊದಲೇ ಪ್ರತಿ ಸಂಸ್ಥೆಯ ವಿಷಯಪಟ್ಟಿಯನ್ನು ತನ್ನ ಅಂಕಪಟ್ಟಿಯೊಂದಿಗೆ ಹೋಲಿಸಿ ನೋಡುವುದು ಸೂಕ್ತ. ಶಸ್ತ್ರಚಿಕಿತ್ಸೆಯ ವೀಕ್ಷಣೆಗೆ ಆಸ್ಪತ್ರೆಯ ಅನುಮತಿ ಅಗತ್ಯವಿದ್ದು, ಅದಕ್ಕೂ ಸಮಯ ಹಿಡಿಯುತ್ತದೆ. ಈ ವೀಕ್ಷಣೆ ಅರ್ಜಿಯ ಬಲವನ್ನು ಹೆಚ್ಚಿಸುವುದರ ಜೊತೆಗೆ, ದೀರ್ಘಕಾಲ ಯಂತ್ರದ ಮುಂದೆ ಇರಬೇಕಾದ ಹಾಗೂ ತುರ್ತು ಕರೆಗೆ ರಾತ್ರಿಯೂ ಓಗೊಡಬೇಕಾದ ಕೆಲಸ ತನಗೆ ಹೊಂದುವುದೇ ಎಂಬುದನ್ನು ಅಭ್ಯರ್ಥಿ ಮುಂಚೆಯೇ ಅರಿಯಲು ನೆರವಾಗುತ್ತದೆ. ಉದ್ದೇಶ ಪತ್ರದಲ್ಲಿ ವೈದ್ಯಕೀಯ ಕ್ಷೇತ್ರದ ಬಗೆಗಿನ ಸಾಮಾನ್ಯ ಒಲವಿಗಿಂತ ಪರ್ಫ್ಯೂಷನ್ ವೃತ್ತಿಯನ್ನೇ ಆರಿಸಿಕೊಂಡ ಕಾರಣ ಸ್ಪಷ್ಟವಾಗಿರಬೇಕು.

ವೆಚ್ಚದ ಲೆಕ್ಕದಲ್ಲಿ ಬೋಧನಾ ಶುಲ್ಕವಲ್ಲದೆ ತರಬೇತಿಗಾಗಿ ಬೇರೆ ಊರುಗಳಲ್ಲಿ ವಾಸಿಸುವ ಖರ್ಚನ್ನೂ ಸೇರಿಸಬೇಕಾಗುತ್ತದೆ. ಅಧ್ಯಯನದ ವೇಳಾಪಟ್ಟಿ ಬಿಗಿಯಾಗಿರುವುದರಿಂದ ಜೊತೆಯಲ್ಲಿ ಉದ್ಯೋಗ ಮಾಡುವುದು ಕಷ್ಟ.

ಭಾರತದ ಅಭ್ಯರ್ಥಿಗಳು

ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಪರ್ಫ್ಯೂಷನ್ ತಂತ್ರಜ್ಞಾನದಲ್ಲಿ ಬಿ.ಎಸ್‌ಸಿ. ಪದವಿ ನೀಡುತ್ತದೆ. ಭಾರತದಲ್ಲಿ ಪಡೆದ ಇಂತಹ ಪದವಿ ಮತ್ತು ಸೇವಾನುಭವ ಅಮೆರಿಕದ ಸ್ನಾತಕೋತ್ತರ ಪ್ರವೇಶಕ್ಕೆ ಸಹಾಯಕವಾಗಬಹುದಾದರೂ, ಅವು ಅಲ್ಲಿನ ಮಾನ್ಯ ಶಿಕ್ಷಣ ಕಾರ್ಯಕ್ರಮಕ್ಕೆ ಸಮಾನವಾಗುವುದಿಲ್ಲ. ಆದ್ದರಿಂದ ಅನುಭವಿ ಪರ್ಫ್ಯೂಷನಿಸ್ಟ್‌ಗಳೂ ಅಲ್ಲಿ ಮತ್ತೆ ವಿದ್ಯಾರ್ಥಿಗಳಾಗಬೇಕಾಗಿ ಬರುತ್ತದೆ. ವಿದೇಶಿ ಅಭ್ಯರ್ಥಿಗಳು ಅಂಕಪಟ್ಟಿಗಳ ಮೌಲ್ಯಮಾಪನ ವರದಿ, ಟೋಫೆಲ್ ಅಥವಾ ಅಂತಹ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ, ಹಣಕಾಸಿನ ದಾಖಲೆ ಹಾಗೂ ವಿದ್ಯಾರ್ಥಿ ವೀಸಾ ಹೊಂದಿಸಿಕೊಳ್ಳಬೇಕು. ಕೆಲವು ಸಂಸ್ಥೆಗಳು ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದಿಲ್ಲ. ಇನ್ನು ಕೆಲವು ಪೂರ್ವಾಧ್ಯಯನದ ವಿಷಯಗಳನ್ನು ಅಮೆರಿಕದಲ್ಲಿಯೇ ಓದಿರಬೇಕೆಂದು ಬಯಸುತ್ತವೆ. ಅರ್ಜಿ ಶುಲ್ಕ ಪಾವತಿಸುವ ಮೊದಲು ಈ ಎರಡು ಅಂಶಗಳನ್ನು ಸಂಸ್ಥೆಯ ಪ್ರವೇಶ ಕಚೇರಿಯಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಉಚಿತ.

ವೃತ್ತಿ ಅವಕಾಶಗಳು

ಅರ್ಹತೆ ಪಡೆದ ಪರ್ಫ್ಯೂಷನಿಸ್ಟ್‌ಗಳು ಆಸ್ಪತ್ರೆಗಳಲ್ಲಿ, ಹಲವು ಆಸ್ಪತ್ರೆಗಳಿಗೆ ಸೇವೆ ಒದಗಿಸುವ ಗುತ್ತಿಗೆ ಸಂಸ್ಥೆಗಳಲ್ಲಿ, ವೈದ್ಯಕೀಯ ಉಪಕರಣಗಳ ಕಂಪನಿಗಳಲ್ಲಿ ಹಾಗೂ ಶಿಕ್ಷಣ ಕ್ಷೇತ್ರದಲ್ಲಿ ಕೆಲಸ ಮಾಡುತ್ತಾರೆ. ಬೈಪಾಸ್ ಶಸ್ತ್ರಚಿಕಿತ್ಸೆಯ ಜೊತೆಗೆ ಎಕ್ಮೊ ಚಿಕಿತ್ಸೆ, ಹೃದಯಕ್ಕೆ ಯಾಂತ್ರಿಕ ನೆರವು ನೀಡುವ ಸಾಧನಗಳ ನಿರ್ವಹಣೆ, ಅಂಗಾಂಗ ಕಸಿ ಮತ್ತು ರೋಗಿಯ ಸ್ವಂತ ರಕ್ತವನ್ನು ಸಂಗ್ರಹಿಸಿ ಮರಳಿ ನೀಡುವ ಕಾರ್ಯವೂ ಅವರ ಕೆಲಸದ ವ್ಯಾಪ್ತಿಗೆ ಬರುತ್ತವೆ.